ಟ್ಯಾಗ್ ಕಿತ್ತು ಒಳಗೆ ಬರುತ್ತಿದ್ದ ಮನೆ

ಹಣ ಅಂದ್ರೆ ಹೆಣವೂ ಬಾಯಿ ಬಿಡುತ್ತದಂತೆ. ನಮ್ಮ ಮನೆಯಲ್ಲಿ ಬದುಕಿರುವವರೇ ಬಿಡುತ್ತಿರಲಿಲ್ಲ.

ಏನಾದರೂ ಕೊಂಡು ತಂದರೆ ಬಾಗಿಲ ಹೊರಗೇ ನಿಂತು ಬೆಲೆಯ ಟ್ಯಾಗ್ ಕಿತ್ತು, ಬ್ಯಾಗಿನ ಮೂಲೆಗೆ ತುರುಕಿ ಒಳಗೆ ಬರುತ್ತಿದ್ದೆ. ಅತ್ತೆ "ಎಷ್ಟಾಯ್ತು?" ಅಂತ ಕೇಳೇ ಕೇಳುತ್ತಾರೆ. ಕೊಟ್ಟದ್ದರಲ್ಲಿ ಮೂರನೇ ಒಂದು ಪಾಲು ಕಳೆದು ಹೇಳುತ್ತಿದ್ದೆ. ಅದಕ್ಕೂ ಅವರು "ಅಷ್ಟೊಂದಾ!" ಅನ್ನುತ್ತಿದ್ದರು. ನಾನು ಕಡಿಮೆ ಹೇಳುತ್ತೇನೆ ಅಂತ ಅವರಿಗೆ ಗೊತ್ತಿತ್ತು. ಅವರಿಗೆ ಗೊತ್ತು ಅಂತ ನನಗೂ ಗೊತ್ತಿತ್ತು. ನನ್ನ ಗಂಡನ ಸುಳ್ಳು ಬೇರೆ ಥರದ್ದು: "ಆಫರ್‌ನಲ್ಲಿತ್ತು." ಅವರು ಕಾಲಿಟ್ಟ ಅಂಗಡಿಯಲ್ಲೆಲ್ಲ ವರ್ಷವಿಡೀ ಆಫರ್ ಇರುತ್ತಿತ್ತು.

ಇದನ್ನು ಯಾರೂ ಸುಳ್ಳು ಅಂತ ಅಂದುಕೊಂಡಿರಲಿಲ್ಲ. ಜಗಳ ಬೇಡ ಅಂತ ಮಾಡಿಕೊಂಡಿದ್ದ ಏರ್ಪಾಡು, ಅಷ್ಟೇ.

ಇಬ್ಬರೂ ದುಡಿಯುತ್ತೇವೆ. ಆದರೆ ಮನೆ ಸಾಲದ ಕಂತು, ಮಕ್ಕಳ ಫೀಸು, ಕರೆಂಟ್ ಬಿಲ್ಲು, ಇನ್ಶೂರೆನ್ಸ್, ಎಲ್ಲ ನೋಡಿಕೊಳ್ಳುತ್ತಿದ್ದವಳು ನಾನು. "ಅವಳು ಲೆಕ್ಕದಲ್ಲಿ ಪಕ್ಕಾ" ಅಂತ ಗಂಡ ನೆಂಟರ ಮುಂದೆ ಹೇಳಿಕೊಳ್ಳುತ್ತಿದ್ದರು. ಕೇಳಲಿಕ್ಕೆ ಹಿತವಾಗಿತ್ತು. ಆಮೇಲೆ ಅದೇ ಮಾತು ಕುತ್ತಿಗೆಗೆ ಬಂತು. ಲೆಕ್ಕದಲ್ಲಿ ಪಕ್ಕಾ ಇರುವವಳಿಗೆ ಲೆಕ್ಕ ತಪ್ಪಿದರೆ ಯಾರ ಹತ್ತಿರ ಹೇಳಿಕೊಳ್ಳಬೇಕು?

ಒಂದು ವರ್ಷ ಮನೆ ರಿಪೇರಿ, ಮಗಳ ಹಲ್ಲಿನ ಚಿಕಿತ್ಸೆ ಎರಡೂ ಒಟ್ಟಿಗೆ ಬಂದವು. ಕ್ರೆಡಿಟ್ ಕಾರ್ಡ್ ಉಜ್ಜಿದೆ. ಮುಂದಿನ ತಿಂಗಳು ಪೂರ್ತಿ ಕಟ್ಟಲು ಆಗಲಿಲ್ಲ. ಬಿಲ್ಲಿನಲ್ಲಿ ಎರಡು ಅಂಕಿ ಇರುತ್ತವೆ, ಒಂದು ದೊಡ್ಡದು, ಒಂದು ಸಣ್ಣದು. ಸಣ್ಣದರ ಪಕ್ಕದಲ್ಲಿ "ಮಿನಿಮಮ್" ಅಂತ ಬರೆದಿರುತ್ತದೆ. ಅದನ್ನು ಕಟ್ಟಿದರೆ ಯಾರೂ ಫೋನ್ ಮಾಡುವುದಿಲ್ಲ. ಸರಿ, ಈ ತಿಂಗಳು ಇಷ್ಟು ಕಟ್ಟಿಬಿಡೋಣ ಅಂದುಕೊಂಡೆ. ಹಾಗೆ ಅಂದುಕೊಳ್ಳುತ್ತಲೇ ಹದಿನಾಲ್ಕು ತಿಂಗಳು ಹೋಯಿತು.

ನನ್ನ ಕಾರ್ಡಿನ ಬಡ್ಡಿ ತಿಂಗಳಿಗೆ ನೂರಕ್ಕೆ 3. ಕೇಳಲಿಕ್ಕೆ ಏನೂ ಅನ್ನಿಸುವುದಿಲ್ಲ, ಅಲ್ವಾ? ವರ್ಷಕ್ಕೆ 36 ಅಂತ ಅಂದುಕೊಂಡಿದ್ದೆ. ಬಡ್ಡಿಗೆ ಬಡ್ಡಿ ಸೇರಿದರೆ ಅದು 42 ದಾಟುತ್ತದೆ. ಮಿನಿಮಮ್ ಅಂದರೆ ಬಾಕಿಯ ನೂರಕ್ಕೆ 5. ಹೊಸದಾಗಿ ಏನನ್ನೂ ಕೊಳ್ಳದೆ, ಒಂದು ತಿಂಗಳೂ ತಪ್ಪದೆ ಅಷ್ಟನ್ನೇ ಕಟ್ಟುತ್ತ ಹೋದರೆ, 100 ಬಾಕಿ ಇದ್ದವರು ಒಂದು ವರ್ಷದಲ್ಲಿ 55 ಕಟ್ಟಿರುತ್ತಾರೆ. ಸಾಲ ಇಳಿದಿರುವುದು ಬರೀ 23. ಮಿಕ್ಕ 32 ಬಡ್ಡಿಗೆ ಹೋಯಿತು. ಸಾಲ ಅರ್ಧಕ್ಕೆ ಇಳಿಯಲಿಕ್ಕೆ ಎರಡು ವರ್ಷ ಎಂಟು ತಿಂಗಳು ಬೇಕು. ನಾನೋ ನಡುವೆ ಸಣ್ಣಪುಟ್ಟದಕ್ಕೆಲ್ಲ ಅದೇ ಕಾರ್ಡ್ ಉಜ್ಜುತ್ತಿದ್ದೆ. ಹಳೇ ಬಾಕಿ ಇರುವಾಗ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳೂ ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಶುರು. ಇದು ನನಗೆ ಗೊತ್ತೇ ಇರಲಿಲ್ಲ. ಲೆಕ್ಕದಲ್ಲಿ ಪಕ್ಕಾ!

ಹದಿನಾಲ್ಕು ತಿಂಗಳಾದ ಮೇಲೆ ಬಾಕಿ ನನ್ನ ಮೂರು ತಿಂಗಳ ಸಂಬಳದಷ್ಟಿತ್ತು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗಂತ ನಾನು ತಿಳಿದಿದ್ದೆ.

ಮಗಳಿಗೆ ಆಗ ಹದಿನಾಲ್ಕು. ಸ್ಕೂಲಿನಿಂದ ಪ್ರವಾಸದ ಒಪ್ಪಿಗೆ ಪತ್ರ ಕೊಟ್ಟಿದ್ದರು. ಅದು ಅವಳ ಬ್ಯಾಗಿನಲ್ಲಿ ನಾಲ್ಕು ಮಡಿಕೆಯಾಗಿ, ಖಾಲಿಯಾಗಿ ಸಿಕ್ಕಿತು. ಕೊಡಬೇಕಾದ ದಿನ ಕಳೆದು ಹೋಗಿತ್ತು. ಯಾಕೆ ತೋರಿಸಲಿಲ್ಲ ಅಂದರೆ "ನಂಗೆ ಇಷ್ಟ ಇರ್ಲಿಲ್ಲ" ಅಂದಳು. ಅವಳಿಗೆ ಪ್ರವಾಸ ಅಂದರೆ ಪ್ರಾಣ. ಮತ್ತೆ ಮತ್ತೆ ಕೇಳಿದ್ದಕ್ಕೆ, ನನ್ನ ಮುಖ ನೋಡದೆ ಹೇಳಿದಳು: "ನಿನ್ನ ಫೋನಲ್ಲಿ ಮೆಸೇಜ್ ಬಂದಿತ್ತಮ್ಮ. ಬಾಕಿ ಕಟ್ಟಿ ಅಂತ. ತುಂಬ ಸೊನ್ನೆ ಇತ್ತು." ಸ್ವಲ್ಪ ಹೊತ್ತು ಬಿಟ್ಟು, "ನಾವು ಬಡವರಾ?"

ಆ ಮೆಸೇಜ್ ಬಂದು ಎರಡು ತಿಂಗಳಾಗಿತ್ತು. ಎರಡು ತಿಂಗಳು ಆ ಹುಡುಗಿ ಒಬ್ಬಳೇ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದಳು. ಪೆನ್ಸಿಲ್ ಬಾಕ್ಸ್ ಮುರಿದದ್ದನ್ನೂ ಹೇಳಿರಲಿಲ್ಲ. ದುಡ್ಡಿನ ವಿಷಯ ಬಾಯಿ ಬಿಡಬಾರದು ಅಂತ ಅವಳಿಗೆ ಯಾರೂ ಕಲಿಸಿರಲಿಲ್ಲ. ನೋಡಿ ನೋಡಿ ಕಲಿತಿದ್ದಳು.

ಅವತ್ತು ರಾತ್ರಿಯೇ ಗಂಡನಿಗೆ ಹೇಳಿದೆ. ಅವರು ತುಂಬ ಹೊತ್ತು ಸುಮ್ಮನಿದ್ದು, "ಎಷ್ಟು?" ಅಂದರು. ಹೇಳಿದೆ. ಮಲಗಿದ ಮೇಲೆ ನನಗೇ ಗೊತ್ತಾಯಿತು. ನಾನು ಹೇಳಿದ್ದು ಪೂರ್ತಿ ಅಂಕಿ ಅಲ್ಲ. ಮೂರನೇ ಒಂದು ಪಾಲು ಕಳೆದು ಹೇಳಿದ್ದೆ. ಬೇಕು ಅಂತ ಮಾಡಿದ್ದಲ್ಲ, ಬಾಯಿಗೆ ಅಭ್ಯಾಸವಾಗಿ ಹೋಗಿತ್ತು. ಬೆಳಗ್ಗೆ ಎದ್ದು ಬಿಲ್ಲನ್ನೇ ಕೈಗೆ ಕೊಟ್ಟೆ. ಸಾಲದ ಬಗ್ಗೆ ಅವರಿಗೆ ಬಂದ ಕೋಪಕ್ಕಿಂತ ಆ ಮೂರನೇ ಒಂದು ಪಾಲಿನ ಬಗ್ಗೆ ಬಂದ ಕೋಪ ಜಾಸ್ತಿ. ಮೂರು ದಿನ ಮಾತಿಲ್ಲ. ಅದು ನ್ಯಾಯವೇ.

ನಾಲ್ಕನೇ ದಿನ ಕೂತು ಮಾತಾಡೋಣ ಅಂತಾಯಿತು. ಮೊದಲ ಸಲ ಕೂತದ್ದು ಪೂರಾ ಹಾಳಾಯಿತು. ರಾತ್ರಿ ಹತ್ತು ಗಂಟೆ, ಇಬ್ಬರಿಗೂ ಸುಸ್ತು. ಮೊದಲ ಪ್ರಶ್ನೆಯೇ "ಇದು ಯಾಕೆ?" ಅದಕ್ಕೆ ನನ್ನ ಉತ್ತರ "ನೀವು ಅದು ಯಾಕೆ ತಗೊಂಡ್ರಿ?" ಹತ್ತು ನಿಮಿಷದಲ್ಲಿ ನಾವು ಎಂಟು ವರ್ಷದ ಹಿಂದಿನ ಒಂದು ಟಿವಿಗೆ ಬಂದು ನಿಂತಿದ್ದೆವು.

ಎರಡನೇ ಸಲ ಭಾನುವಾರ ಬೆಳಗ್ಗೆ ಕೂತೆವು. ಗಂಡನೇ ಒಂದು ಷರತ್ತು ಹಾಕಿದರು: ಮೊದಲ ಅರ್ಧ ಗಂಟೆ "ಯಾಕೆ" ಅನ್ನುವ ಮಾತು ಬೇಡ, ಬರೀ "ಎಷ್ಟು". ಒಂದು ನೋಟ್‌ಬುಕ್ ಇಟ್ಟುಕೊಂಡು ಬರುವುದೆಷ್ಟು, ಕೊಡಬೇಕಾದ್ದೆಷ್ಟು, ಯಾವುದಕ್ಕೆ ಬಡ್ಡಿ ಎಷ್ಟು ಅಂತ ಬರೆದೆವು. ಬರೆದದ್ದನ್ನು ಗಟ್ಟಿಯಾಗಿ ಓದಿದೆವು. ಈ ಗಟ್ಟಿಯಾಗಿ ಓದುವುದು ಹುಚ್ಚಾಟದ ಥರ ಕಾಣಬಹುದು. ಆದರೆ ಮೊಬೈಲಿನಲ್ಲಿ ನೋಡಿ ಪಕ್ಕಕ್ಕಿಟ್ಟ ಅಂಕಿಗೂ ಗಂಡನ ಎದುರು ಬಾಯಲ್ಲಿ ಹೇಳಿದ ಅಂಕಿಗೂ ಬಹಳ ವ್ಯತ್ಯಾಸ. ಎರಡನೆಯದನ್ನು ಹೇಳುವಾಗ ಗಂಟಲು ಒಣಗುತ್ತದೆ.

ಅವತ್ತು ಗಂಡನಿಗೂ ಒಂದು ಏಟು ಬಿತ್ತು. ಮನೆ ಸಾಲ 20 ವರ್ಷದ್ದು, ಬಡ್ಡಿ ನೂರಕ್ಕೆ 9. ಐದು ವರ್ಷ ಕಂತು ಕಟ್ಟಿಯಾಗಿತ್ತು. "ಕಾಲು ಭಾಗ ತೀರಿರಬೇಕು" ಅಂತ ಅವರು ನಿಶ್ಚಿಂತೆಯಾಗಿದ್ದರು. ತೆಗೆದು ನೋಡಿದರೆ 100ರಲ್ಲಿ 11 ತೀರಿದೆ, 89 ಹಾಗೇ ಇದೆ. ಮೊದಲ ತಿಂಗಳ ಕಂತಿನಲ್ಲಿ 100ಕ್ಕೆ 83 ಬಡ್ಡಿಗೇ ಹೋಗುತ್ತದೆ, ಅಸಲಿಗೆ 17. ಕಂತಿನಲ್ಲಿ ಅಸಲಿನ ಪಾಲು ಬಡ್ಡಿಯ ಪಾಲನ್ನು ದಾಟುವುದು 12 ವರ್ಷ ಕಳೆದ ಮೇಲೆ. ಇದರಲ್ಲಿ ಮೋಸ ಏನಿಲ್ಲ. ಬಾಕಿ ದೊಡ್ಡದಿದ್ದಾಗ ಬಡ್ಡಿಯೂ ದೊಡ್ಡದಿರುತ್ತದೆ, ಕಂತು ಮಾತ್ರ ಬದಲಾಗುವುದಿಲ್ಲ. ಸಾಲ ಕೊಟ್ಟವರು ಮೊದಲ ದಿನವೇ ಇದರ ಪಟ್ಟಿ ಕೊಟ್ಟಿದ್ದರು. ನಾವು ಅದನ್ನು ಫೈಲಿಗೆ ಸೇರಿಸಿ ಮೇಲಿನ ಕಪಾಟಿನಲ್ಲಿಟ್ಟಿದ್ದೆವು.

ಕಾರ್ಡಿನ ಸಾಲ ತೀರಿಸಲು ದುಡ್ಡು ಎಲ್ಲಿತ್ತು ಗೊತ್ತಾ? ಬ್ಯಾಂಕಿನಲ್ಲೇ ಇತ್ತು. ಮಗಳ ಓದಿಗೆ ಅಂತ ಇಟ್ಟ ಠೇವಣಿ, ನೂರಕ್ಕೆ 7 ಬಡ್ಡಿ. ಅಲ್ಲಿ 7 ತಗೊಳ್ಳುತ್ತ ಇಲ್ಲಿ 42 ಕೊಡುತ್ತಿದ್ದೆವು. ಅದನ್ನು ಮುರಿಸೋಣ ಅಂದರೆ ಗಂಡ ಬಿಲ್‌ಕುಲ್ ಒಪ್ಪಲಿಲ್ಲ. "ಅದು ಅವಳ ದುಡ್ಡು." ನನಗೂ ಒಳಗೊಳಗೆ ಹಾಗೇ ಅನ್ನಿಸುತ್ತಿತ್ತು. ಜನ ದುಡ್ಡಿಗೆ ಹೀಗೆ ಹೆಸರು ಹಚ್ಚಿ ಬೇರೆ ಬೇರೆ ಡಬ್ಬಿಗೆ ಹಾಕಿ, ಒಂದನ್ನು ಇನ್ನೊಂದಕ್ಕೆ ಮುಟ್ಟದೆ ಇರುವುದನ್ನು ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 'ಮನಸ್ಸಿನ ಲೆಕ್ಕಪತ್ರ' ಅನ್ನುವ ಅರ್ಥದ ಹೆಸರಿಟ್ಟು ವಿವರಿಸಿದ್ದಾರೆ. 2017ರಲ್ಲಿ ಅವರಿಗೆ ನೊಬೆಲ್ ಬಂದಾಗ ಈ ಕೆಲಸದ ಮಾತೂ ಬಂದಿತ್ತು. ನಾನು ಇದನ್ನೆಲ್ಲ ಗಂಡನಿಗೆ ಓದಿ ಹೇಳಿದೆ. "ಆಯ್ತು, ನೊಬೆಲ್ ತಗೊಂಡವರಿಗೆ ನನ್ನ ಮಗಳ ಫೀಸ್ ಕಟ್ಟೋಕೆ ಹೇಳು" ಅಂದರು.

ಕೊನೆಗೆ ದಾರಿ ತೋರಿಸಿದ್ದು ಮಗಳೇ. ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದವಳು ಒಳಗೆ ಬಂದು, "ನನ್ನ ದುಡ್ಡು ಅಂದ್ರೆ ನಾನೇ ಅಮ್ಮಂಗೆ ಸಾಲ ಕೊಡ್ತೀನಿ, ತಿಂಗಳು ತಿಂಗಳು ವಾಪಸ್ ಹಾಕಿ" ಅಂದಳು. ಹೆಸರು ಅಳಿಸಬೇಕಾಗಿಯೇ ಇರಲಿಲ್ಲ ನೋಡಿ. ಠೇವಣಿ ಮುರಿಸಿದೆವು, ಬಡ್ಡಿಯಲ್ಲಿ ಸ್ವಲ್ಪ ಕಡಿತವಾಯಿತು, ಕಾರ್ಡ್ ಒಂದೇ ಏಟಿಗೆ ತೀರಿತು. ಮಗಳ ಖಾತೆಗೆ ತಿಂಗಳಿಗೆ ಇಷ್ಟು ಅಂತ ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿದೆ. ಒಂದು ತಿಂಗಳು ಮೂರು ದಿನ ತಡವಾದಾಗ ಬಂದು ಕೇಳಿದಳು ಕೂಡ.

ಅದಾದ ಎರಡು ವಾರಕ್ಕೆ ಗಂಡ ಒಂದು ಮಾತು ಹೊರಗೆ ಹಾಕಿದರು. ಗೆಳೆಯರೊಬ್ಬರ ಸಾಲಕ್ಕೆ ಜಾಮೀನು ಸಹಿ ಹಾಕಿದ್ದಾರೆ, ಮೂರು ವರ್ಷದ ಹಿಂದೆ. "ಬರೀ ಸಹಿ ತಾನೇ, ದುಡ್ಡೇನೂ ಕೊಟ್ಟಿಲ್ವಲ್ಲ, ಅದಕ್ಕೇ ಹೇಳಿರ್ಲಿಲ್ಲ." ಜಾಮೀನು ಅಂದರೆ ಬರೀ ಸಹಿ ಅಲ್ಲ. ಸಾಲ ಮಾಡಿದವರು ಕೈಯೆತ್ತಿದರೆ ಪೂರ್ತಿ ಬಾಕಿಯನ್ನು ಜಾಮೀನು ನಿಂತವರಿಂದ ಕೇಳಬಹುದು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ನಿಜ ಹೇಳಬೇಕೆಂದರೆ ಸ್ವಲ್ಪ ಹಗುರವೇ ಆಯಿತು. ಮುಚ್ಚಿಟ್ಟವಳು ನಾನೊಬ್ಬಳೇ ಅಲ್ಲ. ಗೆಳೆಯರು ಕಂತು ಸರಿಯಾಗಿ ಕಟ್ಟುತ್ತಿದ್ದಾರೋ ಇಲ್ಲವೋ ಅಂತ ವಿಚಾರಿಸಲು ಅವರಿಗೆ ಇನ್ನೂ ಒಂದು ತಿಂಗಳು ಬೇಕಾಯಿತು. ಕಟ್ಟುತ್ತಿದ್ದರು, ಸದ್ಯ.

ಇಷ್ಟಾದ ಮೇಲೆ ಎಲ್ಲ ಸರಿಹೋಯಿತು ಅಂದುಕೊಂಡೆ. ಇಲ್ಲ. ಕೆಡಿಸಿದವಳು ನಾನೇ.

ನೋಟ್‌ಬುಕ್ ನನ್ನ ಕೈಯಲ್ಲಿತ್ತು. ಎಲ್ಲರೂ ಖರ್ಚು ಬರೆಯಬೇಕು ಅಂತ ಶುರು ಮಾಡಿದೆ. ವಾರದ ಕೊನೆಗೆ ಕೆಂಪು ಪೆನ್ ಹಿಡಿದು ಕೂರುತ್ತಿದ್ದೆ. ಗಂಡ ಆಫೀಸಿನ ಹತ್ತಿರ ತಿಂದದ್ದಕ್ಕೆ ಒಂದು ಸುತ್ತು, ಮಗನ ಸ್ಟಿಕ್ಕರಿಗೆ ಒಂದು ಸುತ್ತು. ಬಾಯಲ್ಲಿ ಏನೂ ಅನ್ನುತ್ತಿರಲಿಲ್ಲ, "ಯಾಕೆ" ಅನ್ನುವಂತಿಲ್ಲವಲ್ಲ. ಸುತ್ತು ಹಾಕುತ್ತಿದ್ದೆ, ಅಷ್ಟೇ. ಮೂರನೇ ತಿಂಗಳಿಗೆ ಗಂಡನ ಖರ್ಚು ಇದ್ದಕ್ಕಿದ್ದ ಹಾಗೆ ಇಳಿಯಿತು. ನನಗೆ ಹೆಮ್ಮೆಯೋ ಹೆಮ್ಮೆ. ಆಮೇಲೆ ನೋಡಿದರೆ ಅವರು ಎಟಿಎಮ್ಮಿನಿಂದ ಮೊದಲೇ ನಗದು ತೆಗೆದಿಟ್ಟು, ಅದನ್ನು "ಮನೆ ಸಾಮಾನು" ಅಂತ ಬರೆದು, ತಮ್ಮ ಖರ್ಚನ್ನು ಅದರಲ್ಲಿ ನಡೆಸುತ್ತಿದ್ದರು. ಒಂಬತ್ತು ವರ್ಷದ ಮಗ ಸ್ಟಿಕ್ಕರುಗಳನ್ನು ಹಾಸಿಗೆಯ ಕೆಳಗೆ ಇಟ್ಟಿದ್ದ. ಮತ್ತೆ ಎಲ್ಲರೂ ಬಾಗಿಲ ಹೊರಗೆ ಟ್ಯಾಗ್ ಕೀಳುತ್ತಿದ್ದರು, ನನಗಾಗಿ.

ಹಾಗಾಗಿ ಕೆಂಪು ಪೆನ್ ಹೋಯಿತು. ಒಬ್ಬೊಬ್ಬರಿಗೂ ತಿಂಗಳಿಗೆ ಇಷ್ಟು ಅಂತ ಒಂದು ಮೊತ್ತ ಗೊತ್ತುಮಾಡಿದೆವು. ಅದಕ್ಕೆ ಮಗ ಇಟ್ಟ ಹೆಸರು "ಕೇಳಬಾರದ ದುಡ್ಡು". ಸುಟ್ಟು ಹಾಕಿದರೂ ಯಾರೂ ಕೇಳುವಂತಿಲ್ಲ. ಗಂಡನದು, ನನ್ನದು ಒಂದೇ ಮೊತ್ತ. ಇಡೀ ಬದಲಾವಣೆಯಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಯಾವುದು ಅಂದರೆ ಇದೇ ಅನ್ನುತ್ತೇನೆ, ನೋಟ್‌ಬುಕ್ ಅಲ್ಲ. ಕೇಳಬಾರದ ದುಡ್ಡು ಒಂದಿಷ್ಟು ಇದೆ ಅಂತಾದ ಮೇಲೆ ಮಿಕ್ಕ ದುಡ್ಡಿನ ಬಗ್ಗೆ ಕೇಳಿದರೆ ಯಾರಿಗೂ ಚುಚ್ಚುವುದಿಲ್ಲ.

ಮಕ್ಕಳ ಮುಂದೆ "ದುಡ್ಡಿಲ್ಲ" ಅನ್ನುವುದನ್ನು ಬಿಡಬೇಕು ಅಂತಲೂ ತೀರ್ಮಾನಿಸಿದೆವು. ಅದು ಎಷ್ಟೋ ಸಲ ನಿಜವೂ ಆಗಿರಲಿಲ್ಲ. ಅದರ ಬದಲು "ಈ ತಿಂಗಳು ಅದಕ್ಕೆ ಅಂತ ಇಟ್ಟಿಲ್ಲ" ಅನ್ನಬೇಕು. ಮೊದಲ ಸಲ ಮಗನಿಗೆ ಹಾಗಂದೆ. ಅವನು ಯೋಚಿಸಿ, "ಅಂದ್ರೆ ದುಡ್ಡಿದೆ. ನಂಗೆ ಕೊಡಲ್ಲ ಅಷ್ಟೇ" ಅಂದ. ಹೌದಪ್ಪ, ಅಷ್ಟೇ. ಅವತ್ತು ಅವನು ಅತ್ತದ್ದು "ದುಡ್ಡಿಲ್ಲ" ಅಂದಾಗ ಅಳುತ್ತಿದ್ದುದಕ್ಕಿಂತ ಜಾಸ್ತಿ. ಮುಂದಿನ ವಾರ ಸ್ಕೂಲಿನಲ್ಲಿ "ನಮ್ಮಮ್ಮ ಸಾಲ ಮಾಡಿ ಅಕ್ಕನ ದುಡ್ಡಲ್ಲಿ ತೀರಿಸಿದ್ರು" ಅಂತ ಹೇಳಿ ಬಂದ. ಟೀಚರ್ ನನ್ನನ್ನು ನೋಡಿ ಬಹಳ ಮೃದುವಾಗಿ ನಕ್ಕಾಗಲೇ ಗೊತ್ತಾಯಿತು. ಗುಟ್ಟು ಬೇರೆ, ಮನೆಯೊಳಗಿನ ಮಾತು ಬೇರೆ ಅಂತ ಅವನಿಗೆ ಹೇಳಲು ಕೂತೆ. ಎರಡಕ್ಕೂ ಏನು ವ್ಯತ್ಯಾಸ ಅಂದ. ಮನೆಯೊಳಗಿನ ಮಾತನ್ನು ಹೊರಗೆ ಹೇಳಬಾರದು, ಆದರೆ ಮನೆಯಲ್ಲಿ ಎಷ್ಟು ಸಲ ಬೇಕಾದರೂ ಕೇಳಬಹುದು ಅಂದೆ. ಅಂದಿನಿಂದ ಕೇಳುತ್ತಲೇ ಇದ್ದಾನೆ.

ಅತ್ತೆ ಮಾತ್ರ ಭಾನುವಾರ ನಾವು ಕೂತಾಗ ಎದ್ದು ಹೋಗುತ್ತಿದ್ದರು. "ನನಗ್ಯಾಕೆ ಈ ವಯಸ್ಸಲ್ಲಿ." ಆದರೆ ಪಕ್ಕದ ಕೋಣೆಯಲ್ಲಿ ರೇಡಿಯೋ ಸದ್ದು ಸಣ್ಣದಾಗುತ್ತಿತ್ತು. ಏಳೆಂಟು ತಿಂಗಳಾದ ಮೇಲೆ ಒಂದು ದಿನ ಮೊಮ್ಮಗಳನ್ನು ಮಾತ್ರ ಕರೆದು, ಬಟ್ಟೆಯ ಮಡಿಕೆಯ ನಡುವಿನಿಂದ ಒಂದು ಹಳೇ ಪರ್ಸ್ ತೆಗೆದು ತೋರಿಸಿದರು. ಜಿಪ್ ಕೆಟ್ಟಿತ್ತು, ರಬ್ಬರ್ ಬ್ಯಾಂಡ್ ಸುತ್ತಿತ್ತು. ಒಳಗಿನ ನೋಟುಗಳು ಒಂದಕ್ಕೊಂದು ಅಂಟಿಕೊಂಡಂತೆ ಚಪ್ಪಟೆಯಾಗಿದ್ದವು. ಹನ್ನೆರಡು ವರ್ಷದಿಂದ ಕೂಡಿಟ್ಟದ್ದು. "ನಾಳೆ ನಂಗೇನಾದ್ರೂ ಆದ್ರೆ ನಿಮ್ಮಪ್ಪನ ಹತ್ರ ಕೈಚಾಚಬಾರದು ಅಂತ."

ಮಗಳು ಆಗಷ್ಟೇ 72ರ ಲೆಕ್ಕ ಕಲಿತಿದ್ದಳು. 72ನ್ನು ಬಡ್ಡಿ ದರದಿಂದ ಭಾಗಿಸಿದರೆ ದುಡ್ಡು ಎಷ್ಟು ವರ್ಷಕ್ಕೆ ದುಪ್ಪಟ್ಟಾಗುತ್ತದೆ ಅಂತ ಹತ್ತಿರ ಹತ್ತಿರ ಸಿಗುತ್ತದೆ. ಬೆಲೆ ಏರುವುದಕ್ಕೂ ಅದೇ ಲೆಕ್ಕ. ಬೆಲೆಗಳು ವರ್ಷಕ್ಕೆ ನೂರಕ್ಕೆ 6ರಂತೆ ಏರಿದರೆ 12 ವರ್ಷದಲ್ಲಿ ದುಪ್ಪಟ್ಟು. "ಅಜ್ಜೀ, ನೀವು ಮೊದಲ ವರ್ಷ ಇಟ್ಟ ದುಡ್ಡು ಈಗ ಅರ್ಧ ಆಗಿದೆ" ಅಂದಳಂತೆ. ಅತ್ತೆ ಪರ್ಸನ್ನು ಮತ್ತೆ ರಬ್ಬರ್ ಬ್ಯಾಂಡಿನಿಂದ ಸುತ್ತಿ ಹೇಳಿದರಂತೆ, "ಅರ್ಧ ಆದ್ರೂ ಪೂರ್ತಿ ನಂದು."

ಇದಕ್ಕೆ ಏನು ಹೇಳಬೇಕು ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಲೆಕ್ಕ ಮೊಮ್ಮಗಳದ್ದೇ ಸರಿ. ಆದರೆ ಅತ್ತೆ ಬಡ್ಡಿಗಾಗಿ ಇಟ್ಟದ್ದಲ್ಲವಲ್ಲ ಅದು. ಯಾರನ್ನೂ ಕೇಳದೆ ಇರಬಹುದು ಅನ್ನುವುದಕ್ಕೆ ಕೊಟ್ಟ ಬೆಲೆ. ನಾನು ಕಾರ್ಡಿಗೆ ಹದಿನಾಲ್ಕು ತಿಂಗಳು ಕಟ್ಟಿದ ಬಡ್ಡಿಯೂ ಅದೇ ಜಾತಿಯದ್ದು. ಗಂಡ ಅಮ್ಮನ ಹತ್ತಿರ ಹೋಗಿ ಕೂತು ಬಂದರು. ಏನು ಮಾತಾಡಿದರೋ ನಾನು ಕೇಳಲಿಲ್ಲ. ಆಮೇಲೆ ಅರ್ಧ ಮೊತ್ತ ಅತ್ತೆಯ ಹೆಸರಿನಲ್ಲೇ, ಅವರೊಬ್ಬರೇ ತೆಗೆಯುವಂತೆ ಬ್ಯಾಂಕಿನಲ್ಲಿ ಠೇವಣಿಯಾಯಿತು. ಇನ್ನರ್ಧ ಪರ್ಸಿನಲ್ಲೇ ಇದೆ. ಭಾನುವಾರ ಈಗ ಎದ್ದು ಹೋಗುವುದಿಲ್ಲ. ಬಾಯಿ ಹಾಕುವುದೂ ಕಡಿಮೆ. ಒಂದೇ ಒಂದು ಸಲ, ಮಗ ಗಂಡನ ಸಂಬಳ ಎಷ್ಟು ಅಂತ ಕೇಳಿ ಅವರು ಹೇಳಿದಾಗ, "ಅಷ್ಟೇನಾ?" ಅಂದರು.

ಕಳೆದ ವಾರ ಗಂಡ ಹೊಸ ಶೂ ಹಾಕಿಕೊಂಡು ಬಂದರು. ಒಂದು ಶೂವಿನ ಕಣ್ಣಿನಲ್ಲಿ ಟ್ಯಾಗ್ ನೇತಾಡುತ್ತಿತ್ತು, ನಡೆದಾಗಲೆಲ್ಲ ಟಪ್ ಟಪ್ ಅಂತ ಬಡಿಯುತ್ತಿತ್ತು. ಕೀಳಲು ಮರೆತಿದ್ದರೋ ಬೇಕಂತಲೇ ಬಿಟ್ಟಿದ್ದರೋ. ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿ ಓದಿದರು. ನಾನೂ ಓದಿದೆ.

"ಜಾಸ್ತಿ ಆಯ್ತಾ?" ಅಂದರು ಗಂಡ.

"ಜಾಸ್ತಿನೇ."

"ಆಫರ್ ಇರ್ಲಿಲ್ಲ" ಅಂದರು. ಮಗ ಕತ್ತರಿ ತಂದು ದಾರ ಕತ್ತರಿಸಿ, ಟ್ಯಾಗನ್ನು ನೋಟ್‌ಬುಕ್ಕಿನ ಆ ತಿಂಗಳ ಪುಟದ ನಡುವೆ ಇಟ್ಟ.